ಅರ್ಜಿಯಲ್ಲಿ ಬರೆದ ಒಂದು ಸುಳ್ಳು



ಕಾಪುವಿನಲ್ಲಿದ್ದಷ್ಟು ಕಾಲ ಸಂಜೆ ದೀಪಸ್ತಂಭದ ಬಳಿಯ ಮರಳಿನಲ್ಲಿ ನಡೆಯುವುದು ನನ್ನ ರೂಢಿಯಾಗಿತ್ತು. ಉಡುಪಿಯ ಕಡೆಗೆ ವರ್ಗವಾದ ಮೇಲೆ ಅದು ತಪ್ಪಿತು. ರಕ್ತದೊತ್ತಡ ಏರಿತು, ಮಾತ್ರೆ ಆರಂಭವಾಯಿತು. ವೈದ್ಯರ ಅನುಮತಿ ಪಡೆದು ಮಣಿಪಾಲದ ಒಂದು ಜಿಮ್‌ನ ಸಾಮೂಹಿಕ ವ್ಯಾಯಾಮ ತರಗತಿಗೆ ಸೇರಿದೆ. ನಿಲುವಂಗಿ ಕಳಚಿಟ್ಟು ಟೀ ಶರ್ಟಿನಲ್ಲಿ ಕನ್ನಡಿಯೆದುರು ನಿಂತಾಗ ನನಗೇ ನಗು ಬಂದಿತ್ತೆನ್ನಿ.

ಸೇರುವ ದಿನ ಒಂದು ಅರ್ಜಿ ಕೊಟ್ಟರು. ಕಾಯಿಲೆಗಳಿವೆಯೇ, ಔಷಧಿ ಸೇವಿಸುತ್ತಿದ್ದೀರಾ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದೆ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರಿಂದ ಸತ್ಯವನ್ನು ನಿರೀಕ್ಷಿಸುವವನು ನಾನು! ಹಿಂದೆ ಸಾಲಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳು ನಿಂತಿದ್ದರು. ಅವರೆದುರು ಮುದುಕನಾಗಲು ಮನಸ್ಸಾಗಲಿಲ್ಲ, ಅಷ್ಟೇ.

ಮೂರನೆಯ ವಾರ ಎರಡೂ ಕೈಗಳಲ್ಲಿ ಡಂಬೆಲ್ ಹಿಡಿದು ಕುಳಿತೇಳುವ ವ್ಯಾಯಾಮ ನಡೆದಿತ್ತು. ಪಕ್ಕದವರಿಗೆ ಸರಿಸಮನಾಗಿ ಏಳಬೇಕೆಂಬ ಹಟದಿಂದ ಉಸಿರು ಬಿಗಿಹಿಡಿದೆ. ಕಣ್ಣು ಕತ್ತಲಿಟ್ಟಿತು. ಬಲಗೈಯ ಡಂಬೆಲ್ ಜಾರಿ, ಪಕ್ಕದಲ್ಲಿದ್ದ ವಿದ್ಯಾರ್ಥಿನಿಯ ಪಾದದಿಂದ ಒಂದು ಗೇಣು ದೂರದಲ್ಲಿ ಬಿತ್ತು. ತರಬೇತುದಾರ ನನ್ನನ್ನು ಮಲಗಿಸಿ ಕಾಲುಗಳನ್ನು ಎತ್ತಿಹಿಡಿದ. "ಫಾದರ್, ಮಾತ್ರೆಯ ವಿಷಯ ಮೊದಲೇ ಹೇಳಿದ್ದರೆ ನಿಮಗೆ ಭಾರ ಕೊಡುತ್ತಿರಲಿಲ್ಲವಲ್ಲ" ಎಂದ. ನಾನು ಆ ಹುಡುಗಿಯ ಪಾದವನ್ನೇ ನೋಡುತ್ತಿದ್ದೆ.

ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ, ಉಸಿರು ಬಿಟ್ಟೊಡನೆ ಕುಸಿಯುತ್ತದೆ. ಕೆಲವು ಮಾತ್ರೆಗಳು ಆ ಕುಸಿತವನ್ನು ಹೆಚ್ಚಿಸುತ್ತವೆ ಎಂದು ವೈದ್ಯರು ವಿವರಿಸಿದರು. ನನ್ನ ಗುಟ್ಟು ನನ್ನೊಬ್ಬನದೆಂದು ಭಾವಿಸಿದ್ದೆ. ಹತ್ತು ಜನ ಒಂದೇ ನೆಲದ ಮೇಲೆ ಭಾರ ಎತ್ತುವಲ್ಲಿ ಅದು ಹಾಗಿರುವುದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ 46ರ ಹರೆಯದಲ್ಲಿ ತೀರಿಕೊಂಡಾಗ, ವ್ಯಾಯಾಮದ ಬಳಿಕ ಅಸ್ವಸ್ಥರಾದರೆಂಬ ಸುದ್ದಿ ಕೇಳಿ ಎಷ್ಟೋ ತಾಯಂದಿರು ಮಕ್ಕಳನ್ನು ಜಿಮ್‌ನಿಂದ ಬಿಡಿಸಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ವ್ಯಾಯಾಮವನ್ನೇ ದೂರುವುದು ಸರಿಯೆಂದು ನನಗನಿಸುವುದಿಲ್ಲ. ಆದರೆ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಅಂದಿನ ಪಾಠ ಮುಗಿಯಲೆಂದು ಕಾಯಬಾರದು. ಆ ಕ್ಷಣವೇ ನಿಲ್ಲಿಸಿ ಹೇಳಬೇಕು. 108ಕ್ಕೆ ಕರೆ ಮಾಡಿಸಬೇಕು.

ಉಳಿದ ಶಿಸ್ತನ್ನು ನಮ್ಮ ಹಿರಿಯರು ಬಲ್ಲರು. ತುಳುನಾಡಿನಲ್ಲಿ ಕೋಟಿ-ಚೆನ್ನಯರ ನೆನಪಿನೊಂದಿಗೆ ಬೆಸೆದ ಗರಡಿಗಳಿವೆ. ಬಾಲ್ಯದಲ್ಲಿ ನನ್ನ ನೆರೆಯ ಅಜ್ಜರೊಬ್ಬರು ಗರಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಹಣೆಗೊತ್ತಿ ಒಳಹೋಗುವುದನ್ನು ಕಂಡಿದ್ದೇನೆ. ಇಂದಿನ ಜಿಮ್‌ನಲ್ಲಿ ಬೇರೆಯೇ ಬೂಟು ಬೇಕು. ಮಳೆಗಾಲದ ಕೆಸರು ಮೆತ್ತಿದ ಬೂಟಿನಿಂದ ಜಾರಿ ಬೀಳುವವನು ಇನ್ನೊಬ್ಬ. ಕರಾವಳಿಯ ಸೆಖೆಯಲ್ಲಿ ಬೆವರು ಆರುವುದೇ ಇಲ್ಲ, ಆದುದರಿಂದ ಟವೆಲ್ ಹಾಸಿಯೇ ಬೆಂಚಿನ ಮೇಲೆ ಮಲಗಬೇಕು, ಎದ್ದ ಮೇಲೆ ಒರೆಸಬೇಕು. ಎತ್ತಿದ ಭಾರವನ್ನು ಅದರ ಸ್ಥಾನದಲ್ಲೇ ಇಡಬೇಕು. ತಡವಾಗಿ ಬಂದವರು ಮೈ ಬಿಸಿಮಾಡುವ ಲಘು ವ್ಯಾಯಾಮ ಬಿಟ್ಟು ನೇರ ಸಾಲಿಗೆ ನುಗ್ಗಬಾರದು. ಇತರರ ಫೋಟೋ ತೆಗೆಯುವ ಚಪಲದ ಬಗ್ಗೆ ಏನು ಹೇಳಲಿ? ಬೆವರಿ ಬಳಲಿದ ಹೆಣ್ಣುಮಗಳೊಬ್ಬಳು ಅಪರಿಚಿತನ ಮೊಬೈಲಿನಲ್ಲಿ ಸೆರೆಯಾಗುವುದು ಸಣ್ಣ ತಪ್ಪಲ್ಲ.

ಆ ಹುಡುಗಿಯ ಕ್ಷಮೆ ಕೇಳಿದೆ. "ಪರವಾಗಿಲ್ಲ ಫಾದರ್, ನೀವು ಹುಷಾರಾಗಿದ್ದೀರಲ್ಲ" ಎಂದು ನೀರಿನ ಬಾಟಲಿ ಕೊಟ್ಟಳು. ಹೊಸ ಅರ್ಜಿ ತುಂಬಿಸಿದೆ. ಈಗ ಹಿಂದಿನ ಸಾಲಿನಲ್ಲಿ, ಹಗುರವಾದ ಭಾರದೊಡನೆ ನಿಲ್ಲುತ್ತೇನೆ.

ಕಳೆದ ತಿಂಗಳು, ಕಾರ್ಕಳದಿಂದ ಬಂದು ಮಗಳ ಮನೆಯಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಅರ್ಜಿ ಹಿಡಿದು ನನ್ನ ಬಳಿ ಬಂದರು. "ಸಕ್ಕರೆ ಕಾಯಿಲೆ ಸ್ವಲ್ಪ ಉಂಟು. ಬರೆಯಲೇಬೇಕಾ ಫಾದರ್?" ಎಂದು ಮೆಲ್ಲನೆ ಕೇಳಿದರು. ಪೆನ್ನು ಕೊಟ್ಟೆ. ಕಿಸೆಯಲ್ಲಿ ನಾಲ್ಕು ಗ್ಲೂಕೋಸ್ ಮಾತ್ರೆ ಇಟ್ಟುಕೊಂಡೇ ಬನ್ನಿ ಎಂದೆ.