ಎಲ್ಲಮ್ಮನ ಗುಡ್ಡದಲ್ಲಿ ಡೈನೋಸಾರ್ ಹುಡುಕುವವರಿಗೆ

ಸವದತ್ತಿ ಕಡೆಯ ಹುಡುಗರು ಡೈನೋಸಾರ್ ಸಿನಿಮಾ ನೋಡಿದರೆ ಈ ಪ್ರಶ್ನೆ ಖಾಯಂ: ‘ಎಲ್ಲಮ್ಮನ ಗುಡ್ಡದಾಗ ಅದರ ಎಲುಬು ಸಿಗೂದಿಲ್ಲೇನ್ರಿ ಸರ?’

ಸಿಗುವುದಿಲ್ಲ. ಆ ಗುಡ್ಡದ ಕಲ್ಲಿಗೂ ರಾಮದುರ್ಗದ ಬೆಟ್ಟಗಳಿಗೂ ನೂರು ಕೋಟಿ ವರ್ಷ ಮೀರಿದೆ. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಬಂದದ್ದು ಕಲಾದಗಿ ಶಿಲೆ ಎನ್ನುವ ಇದೇ ಕಲ್ಲನ್ನು. ಇಂಥ ಹಾಸುಗಲ್ಲಿನ ಮೇಲೆ ಅಲ್ಲಲ್ಲಿ ಸಾಲು ಸಾಲು ಏರಿಳಿತ ಕೈಗೆ ತಾಕುತ್ತದೆ. ಆಳವಿಲ್ಲದ ನೀರು ಮರಳಿನ ಮೇಲೆ ಎಳೆದ ಗೆರೆ ಅದು. ಆ ನೀರಿನ ದಂಡೆಯಲ್ಲಿ ಹುಲ್ಲುಕಡ್ಡಿಯೂ ಇರಲಿಲ್ಲ, ಮೇಯುವ ಪ್ರಾಣಿ ಎಲ್ಲಿಂದ ಬರಬೇಕು? ಕಿತ್ತೂರು ಕಡೆಯ ಧಾರವಾಡ ಶಿಲೆಯಂತೂ ಇದಕ್ಕೂ ಹಿರಿಯದು.

ಎಲುಬು ಸಿಕ್ಕಿದ್ದು ದೂರದ ಜಬಲ್‌ಪುರದಲ್ಲಿ, 1828ರಲ್ಲಿ. ಆ ವರ್ಷ ನಮ್ಮ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಕಂಪನಿ ಸರ್ಕಾರದ ಸೆರೆಯಲ್ಲಿದ್ದಳು. ಮರುವರ್ಷ ಅಲ್ಲೇ ತೀರಿಕೊಂಡಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದೇ ಕಂಪನಿಯ ಕ್ಯಾಪ್ಟನ್ ಸ್ಲೀಮನ್, ಮುಂದೆ ಠಕ್ಕರನ್ನು ಹಿಡಿದು ಹೆಸರಾದವನು, ಅಲ್ಲಿ ಕಲ್ಲಾದ ಎಲುಬು ಹೆಕ್ಕಿದ. ‘ಡೈನೋಸಾರ್’ ಎಂಬ ಹೆಸರು ಹುಟ್ಟಲು ಇನ್ನೂ 14 ವರ್ಷವಿತ್ತು. 1877ರಲ್ಲಿ ಭೂವಿಜ್ಞಾನಿ ಲೈಡೆಕ್ಕರ್ ಆ ಪ್ರಾಣಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಉದ್ದ ಕತ್ತಿನ ಸಸ್ಯಾಹಾರಿ. ಕೈಯಲ್ಲಿದ್ದುದು ಬಾಲದ ಎರಡು ಎಲುಬುಮಣಿ, ಒಂದು ತೊಡೆಯೆಲುಬು, ಅಷ್ಟೇ. ಮಣಿಯ ಮುಂಬದಿ ಬಟ್ಟಲಿನಂತೆ ತಗ್ಗು, ಹಿಂಬದಿ ಉಬ್ಬು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತು ಬಾಲ ಹೊರಳುತ್ತಿತ್ತು. ಇಂಥ ಮಣಿ ಬೇರೆ ಎಷ್ಟೋ ಪ್ರಾಣಿಗಳಿಗೂ ಉಂಟೆಂದು 2003ರಲ್ಲಿ ತಜ್ಞರು ಆ ಹೆಸರನ್ನೇ ತಳ್ಳಿಹಾಕಿದರು. ಕಳೆದುಹೋಗಿದ್ದ ಮಣಿಯೊಂದು 2012ರಲ್ಲಿ ಕೋಲ್ಕತ್ತಾದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ ಸಿಕ್ಕಿತು. ಹೆಸರು ಹೋದರೂ ಪ್ರಾಣಿ ಸುಳ್ಳಾಗಲಿಲ್ಲ.

ಜಬಲ್‌ಪುರದಲ್ಲಿ ಡೈನೋಸಾರ್ ಕಾಲದ ಮರಳು, ಕೆಸರು ಉಳಿದವು, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಅವನ್ನು ಮುಚ್ಚಿತು. ಬೆಳಗಾವಿ ಸೀಮೆಗೂ ಅದೇ ಲಾವಾ ಬಂತು, ಎರೆಮಣ್ಣು ಕೊಟ್ಟಿತು. ಆದರೆ ಹೆಚ್ಚಿನ ಕಡೆ ಅದು ಕೂತದ್ದು ಹಳೆಯ ಬಂಡೆಯ ಮೇಲೇ. ಉತ್ತರಕ್ಕೆ ಜಬಲ್‌ಪುರ, ದಕ್ಷಿಣಕ್ಕೆ ತಮಿಳುನಾಡಿನ ಅರಿಯಲೂರು, ಎರಡೂ ಕಡೆ ಈ ದೈತ್ಯರ ಎಲುಬುಗಳಿವೆ. ನಡುವಿನ ನಮ್ಮ ನೆಲ ತುಳಿಯದೆ ಹೋದವೆಂದರೆ ನಾನು ನಂಬಲಾರೆ. ನೆಲ ನೋಡುವ ಕಣ್ಣೂ ಬೇಕು: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕ್ ಹತ್ತಿರದ ಮಣ್ಣಿನಲ್ಲೇ ಘೇಂಡಾಮೃಗದ ಎಲುಬು ಕಂಡು 1874ರಲ್ಲಿ ವಿವರಿಸಿದ, ಅದು ಬಹಳ ಈಚಿನ ಕಾಲದ್ದಾದರೂ.

ಬಾವಿ, ಕ್ವಾರಿ ತೋಡುವ ಅಣ್ಣಂದಿರೇ, ಲಾವಾ ಗಟ್ಟಿಯಾದ ಕರಿಕಲ್ಲಿನ ಬುಡದಲ್ಲಿ ಮಣ್ಣಿನ ಪದರು ಕಂಡು, ಅದರಲ್ಲಿ ಎಲುಬಿನಂಥ ಕಲ್ಲು ಸಿಕ್ಕರೆ ಒಡೆಯಬೇಡಿ, ಕಿತ್ತು ಮನೆಗೂ ಒಯ್ಯಬೇಡಿ. ಜಾಗದ ಫೋಟೋ ತೆಗೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿರಿ.