ಕೈಗೊಪ್ಪುವ ತಟ್ಟೆ

ಡಿಸ್ಕ್ ಗಾಲ್ಫ್ ಎಂದರೆ ಹೆಚ್ಚುಕಮ್ಮಿ ಗಾಲ್ಫೇ. ಕೋಲಿಲ್ಲ, ಚೆಂಡಿಲ್ಲ, ಚೆಂಡಿನ ಜಾಗಕ್ಕೆ ಪ್ಲಾಸ್ಟಿಕ್ ತಟ್ಟೆ, ಕುಳಿಯ ಜಾಗಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದ ಮತ್ತೆ ಎಸೆಯುವುದು, ಎಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿ ಸೇರಿಸಿದರೆ ಅಷ್ಟು ಒಳ್ಳೆಯದು. ಮೈಸೂರಿನ ಶ್ರೀರಾಂಪುರದ ನಮ್ಮ ಕಡೆ ಬುಟ್ಟಿಯೂ ಇಲ್ಲ, ಸರಪಳಿಯೂ ಇಲ್ಲ. ಬಡಾವಣೆಯಲ್ಲಿ ಇನ್ನೂ ಮನೆ ಏಳದ ಬಯಲು, ಅಂಚಿಗೆ ಸಾಲು ಹೊಂಗೆಮರ. ಬೊಡ್ಡೆಗೆ ತಗುಲಿದರೆ ಬುಟ್ಟಿ ಸೇರಿದ ಲೆಕ್ಕ. ಇದರಲ್ಲಿ ಕೊರತೆ ಏನೂ ಇಲ್ಲ, ಅಮೆರಿಕದಲ್ಲೂ ಆಟ ಶುರುವಾದದ್ದು ಮರವನ್ನೋ ದೀಪದ ಕಂಬವನ್ನೋ ಗುರಿ ಮಾಡಿಕೊಂಡೇ. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಕಾಯಂ ಅಂಕಣ ಹಾಕಿದವನು ಎಡ್ ಹೆಡ್ರಿಕ್. ಸರಪಳಿ ಬುಟ್ಟಿ ಬಂದದ್ದು ಅದಾದ ಮೇಲೆ, ಅದೂ ಅವನ ಕೈಯಿಂದಲೇ. 2002ರಲ್ಲಿ ತೀರಿಕೊಂಡಾಗ ಅವನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಎರಕ ಹೊಯ್ದರು. ನಾವು ನದಿಗೆ ಬಿಡುವುದನ್ನು ಅವನು ಗಾಳಿಗೆ ಬಿಡಿ ಎಂದ. ಈ ಮನುಷ್ಯನ ಬಗ್ಗೆ ನನಗೆ ತುಂಬ ಅಕ್ಕರೆ.

ಆಡುವವರ ನಿಜವಾದ ಸಡಗರ ಮಾತ್ರ ಬೇರೆ ಕಡೆ ಇದೆ: ತಟ್ಟೆ ಆರಿಸುವುದರಲ್ಲಿ. ಮಕ್ಕಳು ಬೀಚಿನಲ್ಲಿ ಎಸೆದಾಡುವ ಫ್ರಿಸ್ಬೀ ಒಂದೇ ಜಾತಿ. ಡಿಸ್ಕ್ ಗಾಲ್ಫಿನದಕ್ಕೆ ಗೋತ್ರ, ಪ್ರವರ ಎಲ್ಲ ಉಂಟು. ಹತ್ತಿರದ ಗುರಿಗೆ ಪಟರ್, ನಡು ದೂರಕ್ಕೆ ಮಿಡ್‌ರೇಂಜ್, ಅದಕ್ಕೂ ಆಚೆಗೆ ಫೇರ್‌ವೇ ಡ್ರೈವರ್, ಇನ್ನೂ ದೂರಕ್ಕೆ ಡಿಸ್ಟೆನ್ಸ್ ಡ್ರೈವರ್. ಎಲ್ಲವೂ ಹೆಚ್ಚುಕಮ್ಮಿ ಒಂದೇ ಅಗಲ, 21 ಸೆಂಟಿಮೀಟರ್ ಚಿಲ್ಲರೆ. ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರುವಂತಿಲ್ಲ ಎಂಬ ನಿಯಮ ಇರುವುದರಿಂದ ತೂಕವೂ 175 ಗ್ರಾಂ ಆಸುಪಾಸಿಗೆ ಬಂದು ನಿಲ್ಲುತ್ತದೆ. ವ್ಯತ್ಯಾಸವೆಲ್ಲ ಅಂಚಿನಲ್ಲಿ. ಪಟರಿನ ಅಂಚು ಕಿರಿದು, ಮೊಂಡು. ಡ್ರೈವರಿನದು ಅಗಲ, ಮೊನಚು. ಕಣ್ಣು ಮುಚ್ಚಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಎಳೆದರೂ ಇದು ದೂರದ್ದೋ ಹತ್ತಿರದ್ದೋ ಹೇಳಬಹುದು.

ಇನ್ನೋವಾ ಎಂಬ ಕಂಪನಿ ತನ್ನ ತಟ್ಟೆಗಳ ಮೈಮೇಲೆ ನಾಲ್ಕು ಅಂಕಿ ಹಾಕುತ್ತದೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಉಳಿದ ಕಂಪನಿಗಳದ್ದೂ ಈಗ ಬಹುಪಾಲು ಇದೇ ಲೆಕ್ಕ. ಸ್ಪೀಡ್ ಎಂದರೆ ತಟ್ಟೆ ತನ್ನ ಗುಣ ತೋರಿಸಬೇಕಾದರೆ ನಾವು ಎಷ್ಟು ಜೋರಾಗಿ ಎಸೆಯಬೇಕು ಎಂಬುದು. ಗ್ಲೈಡ್ ಎಂದರೆ ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಎಂಬುದು. ಬಲಗೈಯವರು ಎಡಗಡೆಯಿಂದ ಎದೆಗೆ ಅಡ್ಡಲಾಗಿ ಎಳೆದು ಬಿಟ್ಟರೆ ತಟ್ಟೆ ವೇಗವಿರುವಾಗ ಬಲಕ್ಕೆ ವಾಲುವುದು ಟರ್ನ್, ವೇಗ ಇಳಿದು ಕೊನೆಗೆ ಎಡಕ್ಕೆ ಜಾರುವುದು ಫೇಡ್. ಏವಿಯಾರ್ ಎಂಬ ಪಟರಿಗೆ 2, 3, 0, 1. ನೆಟ್ಟಗೆ ಹೋಗಿ ಸದ್ದಿಲ್ಲದೆ ಇಳಿಯುವ ಜಾತಿ. ಲೆಪರ್ಡ್ ಎಂಬ ಫೇರ್‌ವೇ ಡ್ರೈವರಿಗೆ 6, 5, ಮೈನಸ್ 2, 1. ಬಲಕ್ಕೊಮ್ಮೆ ಬಳುಕಿ ಹೆಚ್ಚುಕಮ್ಮಿ ಸಾಲಿಗೇ ಬಂದು ಕೂರುತ್ತದೆ. ಫೈರ್‌ಬರ್ಡಿಗೆ 9, 3, 0, 4. ಬಲಕ್ಕೆ ತಿರುಗಿಯೂ ನೋಡದೆ ಕೊನೆಯಲ್ಲಿ ಎಡಕ್ಕೆ ಖಡಾಖಂಡಿತವಾಗಿ ಹೊರಳುತ್ತದೆ. ಡೆಸ್ಟ್ರಾಯರಿಗೆ 12, 5, ಮೈನಸ್ 1, 3. ಹೆಸರಿಗೆ ತಕ್ಕ ತೋಳು ಇದ್ದವರಿಗಷ್ಟೇ ಅದು.

ಒಂದೇ ಎಸೆತದಲ್ಲಿ ಬಲಕ್ಕೂ ಎಡಕ್ಕೂ ಯಾಕೆ ಹೋಗುತ್ತದೆ ಎಂದು ಹೊಸಬರು ಬೆರಗಾಗುತ್ತಾರೆ, ಬೆರಗಾಗಬೇಕಾದ್ದೇ. ಜೋರಾಗಿ ಹೋಗುವಾಗ ಗಾಳಿ ತಟ್ಟೆಯನ್ನು ಎತ್ತಿ ಹಿಡಿಯುವ ಜಾಗ ನಡುಮಧ್ಯಕ್ಕಿಂತ ತುಸು ಹಿಂದೆ ಇರುತ್ತದೆ; ವೇಗ ಇಳಿದು ಮೂತಿ ಗಾಳಿಗೆ ಮೇಲಾದಂತೆ ಆ ಜಾಗ ಮುಂದಕ್ಕೆ ಸರಿಯುತ್ತದೆ. ತಿರುಗದ ತಟ್ಟೆಯಾಗಿದ್ದರೆ ಮೊದಲು ಮೂತಿ ಕುಕ್ಕಿ, ಆಮೇಲೆ ಮೂತಿ ಎತ್ತಿ ಪಲ್ಟಿ ಹೊಡೆಯುತ್ತಿತ್ತು. ತಿರುಗುತ್ತಿರುವ ವಸ್ತುವಿನ ಸ್ವಭಾವವೇ ಬೇರೆ. ಅದನ್ನು ಒಂದು ಕಡೆ ಒತ್ತಿದರೆ ಕಾಲು ಸುತ್ತು ಆಚೆ ಅದರ ಪರಿಣಾಮ ಕಾಣಿಸುತ್ತದೆ. ಮೂತಿ ಕುಕ್ಕಬೇಕಾದ್ದು ಬಲಕ್ಕೆ ವಾಲುತ್ತದೆ, ಮೂತಿ ಎತ್ತಬೇಕಾದ್ದು ಎಡಕ್ಕೆ. ತಟ್ಟೆಯ ತಯಾರಕರು ಅಂಚನ್ನು ಕೂದಲೆಳೆ ಏರಿಸಿ ಇಳಿಸಿ ಆಡುವುದೆಲ್ಲ ಈ ಒಂದು ಜಾಗದ ಜೊತೆಗೇ.

ಇಲ್ಲಿ ನನಗೆ ಶ್ರೀರಂಗಪಟ್ಟಣ ನೆನಪಾಗದೆ ಇರುವುದಿಲ್ಲ. ಹಾರುವ ವಸ್ತು ಹಾದಿ ತಪ್ಪದಂತೆ ನೋಡಿಕೊಳ್ಳುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟಿಗೆ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರು. ಆ ಬಿದಿರೇ ಅದರ ಚುಕ್ಕಾಣಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದು ಅದೇ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಸಾವಿರದಷ್ಟು ರಾಕೆಟ್ ಕೊಳವೆಗಳು ಸಿಕ್ಕಾಗ ಕೊಳವೆಗಳೇನೋ ಇದ್ದವು, ಬಿದಿರು ಎಲ್ಲಿ ಉಳಿಯಬೇಕು! ಗಾಳಿಪಟಕ್ಕೂ ಇದೇ ನ್ಯಾಯ, ಬಾಲಂಗೋಚಿ ಇಲ್ಲದಿದ್ದರೆ ಗಿರಕಿ ಹೊಡೆದು ನೆಲ ಕಚ್ಚುತ್ತದೆ. ವಿಲಿಯಂ ಹೇಲ್ ಎಂಬ ಇಂಗ್ಲಿಷಿನವನು 1844ರಲ್ಲಿ ರಾಕೆಟ್ಟಿನ ಕೋಲು ಕಿತ್ತು, ಅದನ್ನೇ ತಿರುಗಿಸಿ ಬಿಡುವ ಉಪಾಯಕ್ಕೆ ಪೇಟೆಂಟ್ ತೆಗೆದ. ತಟ್ಟೆಯದ್ದೂ ಆ ಎರಡನೆಯ ದಾರಿ. ಅದಕ್ಕೆ ಬಾಲವಿಲ್ಲ, ಮಣಿಕಟ್ಟು ಕೊಟ್ಟ ಸುತ್ತೇ ಅದರ ಬಾಲ. ಹಾಗಾಗಿ ತೋಳಿನ ಬಲ ನೆಚ್ಚಿಕೊಂಡವರಿಗಿಂತ ಸುತ್ತು ಕೊಡಬಲ್ಲವರ ತಟ್ಟೆ ಸೊಗಸಾಗಿ ಹೋಗುತ್ತದೆ. ನಮ್ಮ ಬಯಲಿಗೆ ಬರುವ ಹೈಸ್ಕೂಲು ಹುಡುಗಿಯರನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ಅಂಕಿಗಳ ಬಗ್ಗೆ ನನ್ನದೊಂದು ತಕರಾರಿದೆ. ಅವು ಸುಳ್ಳಲ್ಲ, ಆದರೆ ಬೇರೆ ಯಾರದೋ ತೋಳಿಗೆ ಹೊಂದಿಸಿದವು. ಸ್ಪೀಡ್ 12ರ ತಟ್ಟೆಯನ್ನು ಸ್ಪೀಡ್ 6ರ ತೋಳಿನಲ್ಲಿ ಎಸೆದರೆ ಅದು ಬಲಕ್ಕೆ ವಾಲುವ ಪ್ರಶ್ನೆಯೇ ಇಲ್ಲ. ಕೈಬಿಟ್ಟ ಕೂಡಲೇ ಎಡಕ್ಕೆ ಮುಗ್ಗರಿಸುತ್ತದೆ. ಹೊಸಬರು ಅಂಗಡಿಯಲ್ಲಿ ದೊಡ್ಡ ಅಂಕಿಯ ತಟ್ಟೆಗೇ ಕೈಹಾಕುವುದನ್ನು ಕಂಡರೆ ಇದಕ್ಕೇ ನನಗೆ ಸಂಕಟ. ದೂರ ಹೋಗಬೇಕೆಂಬ ಆಸೆ ತಪ್ಪಲ್ಲ, ಆದರೆ ನಿಧಾನದ ತಟ್ಟೆಯೇ ಅವರನ್ನು ದೂರ ಒಯ್ಯುತ್ತದೆ. ಪಟರ್ ಹಿಡಿದು ಪೂರ್ತಿ ಬಲದಿಂದ ಎಸೆದು ನೋಡಿ. ಬಿಡುವಾಗ ಕೈ ಓರೆಯಾಗಿತ್ತೋ, ಮೂತಿ ಎದ್ದಿತ್ತೋ ಎಲ್ಲವನ್ನೂ ಅದು ಗಾಳಿಯಲ್ಲೇ ಹೇಳಿಬಿಡುತ್ತದೆ. ಡ್ರೈವರ್ ನಮ್ಮ ತಪ್ಪನ್ನು ತನ್ನ ಫೇಡಿನಲ್ಲಿ ಮುಚ್ಚಿಹಾಕುತ್ತದೆ, ಪಟರ್ ಮುಚ್ಚುವುದಿಲ್ಲ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಇನ್ನು ಹಿಡಿತದ ವಿಚಾರ. ನನ್ನ ಅಣ್ಣನ ಮಗ ಇರುವುದು ಸ್ಯಾನ್ ಹೋಸೆಯಲ್ಲಿ. ಸಾಂತಾಕ್ರೂಸ್‌ನ ಡಿ ಲಾವೆಯಾಗ ಅಂಕಣ ಅವನಿಗೆ ಶನಿವಾರದ ದೇವಸ್ಥಾನ. ರಜೆಗೆ ಬಂದಾಗ ಸೂಟ್‌ಕೇಸಿನ ತಳದಲ್ಲಿ ಬಟ್ಟೆಯ ಕೆಳಗೆ ತಟ್ಟೆ ಜೋಡಿಸಿಕೊಂಡು ಬರುತ್ತಾನೆ. ಮೊದಲ ಸಲ ಎಲ್ಲವನ್ನೂ ಜಗಲಿಯ ಮೇಲೆ ಹರವಿ, "ಚಿಕ್ಕಪ್ಪ, ನಂಬರ್ ನೋಡ್ಬೇಡಿ. ಒಂದೊಂದನ್ನೇ ಕೈಯಲ್ಲಿ ಹಿಡ್ಕೊಂಡು ನೋಡಿ. ಯಾವುದನ್ನ ಕೆಳಗಿಡೋಕೆ ಮನಸ್ಸು ಬರಲ್ವೋ ಅದು ನಿಮ್ದು" ಎಂದ. ಇದಕ್ಕಿಂತ ಸರಿಯಾದ ಮಾತನ್ನು ಈ ಆಟದ ಬಗ್ಗೆ ನಾನು ಕೇಳಿಲ್ಲ. ಪಟರಿನ ಅಂಚಿನ ಅಡಿಯಲ್ಲಿ ಕೆಲವಕ್ಕೆ ಮಣಿಯಂಥ ಸಣ್ಣ ಏಣು ಇರುತ್ತದೆ, ಕೆಲವಕ್ಕೆ ನುಣುಪು. ಏಣು ಇರುವುದು ನನ್ನ ತೋರುಬೆರಳಿಗೆ ಎಡವಿದಂತಾಗುತ್ತದೆ. ಅವನಿಗೆ ಅದಿಲ್ಲದಿದ್ದರೆ ಹಿಡಿದಂತೆಯೇ ಅನ್ನಿಸದು. ಬೆನ್ನು ಉಬ್ಬಿದ ತಟ್ಟೆ ಹೆಚ್ಚು ತೇಲುತ್ತದೆ, ಚಪ್ಪಟೆಯದು ಹಿಡಿತಕ್ಕೆ ಬಿಗಿ. ಒಂದೇ ಅಚ್ಚಿನಲ್ಲಿ ತೆಗೆದ ಎರಡು ತಟ್ಟೆಗಳೂ ತಣ್ಣಗಾಗುವಾಗ ಬೇರೆ ಬೇರೆಯಾಗಿ ಉಬ್ಬಿರುತ್ತವೆ. ಅಂಕಿ ಒಂದೇ, ಸ್ವಭಾವ ಎರಡು. ಬೆರಳು ಗಿಡ್ಡ ಇರುವವರು ಎರಡು ಸೆಂಟಿಮೀಟರಿಗೂ ಅಗಲದ ಅಂಚು ಹಿಡಿದರೆ ಬಿಡುವ ಕ್ಷಣದಲ್ಲಿ ಕೈ ತಡವಾಗುತ್ತದೆ, ತಟ್ಟೆ ಬಲಕ್ಕೆ ಹಾರಿಹೋಗುತ್ತದೆ. ಆಗ ದೂರಬೇಕಾದ್ದು ಟರ್ನ್ ಅಂಕಿಯನ್ನಲ್ಲ, ಅಂಚಿನ ಅಳತೆಯನ್ನು.

ಪ್ಲಾಸ್ಟಿಕ್ಕಿನಲ್ಲೂ ಮೇಲುಜಾತಿ ಕೆಳಜಾತಿ ಎಂಬ ಭ್ರಮೆ ಇದೆ. ಚಾಂಪಿಯನ್ ಎಂಬುದು ಗಾಜಿನಂತೆ ಪಾರದರ್ಶಕ, ಗಟ್ಟಿ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಡಿಎಕ್ಸ್ ಅಗ್ಗದ್ದು, ಕಲ್ಲಿಗೆ ಬಡಿದರೆ ಗಾಯವಾಗುತ್ತದೆ. ಆದರೆ ಬೆವರಿದ ಕೈಗೆ ಡಿಎಕ್ಸಿನ ಒರಟುತನ ಕೊಡುವ ಧೈರ್ಯ ಚಾಂಪಿಯನ್ನಿನ ನುಣುಪು ಕೊಡದು. ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನೊಂದು, ಡಿಎಕ್ಸ್ ಸವೆಯುತ್ತ ಹೋದಂತೆ ಎಡದ ಹಟ ಬಿಟ್ಟು ನೆಟ್ಟಗಾಗುತ್ತದೆ, ಮತ್ತೂ ಸವೆದರೆ ಬಲಕ್ಕೆ ಬಳುಕಲು ಶುರುಮಾಡುತ್ತದೆ. ರಾಕ್ ಎಂಬ ಮಿಡ್‌ರೇಂಜನ್ನು ಹಳಬರು ಹೀಗೇ ವರ್ಷಗಟ್ಟಲೆ ಪಳಗಿಸುತ್ತಾರೆ: ಹೊಸದೊಂದು, ಅರೆ ಸವೆದದ್ದೊಂದು, ಪೂರ್ತಿ ಸವೆದದ್ದೊಂದು, ಮೂರೂ ಒಂದೇ ಚೀಲದಲ್ಲಿ. ಅಜ್ಜಿಯ ದೋಸೆ ಕಾವಲಿಯಂತೆ ಅವನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಗಾಳಿಯನ್ನು ಬಿಟ್ಟು ಆಯ್ಕೆಯ ಮಾತಾಡಿದರೆ ಅರ್ಧ ಮಾತಾಡಿದಂತೆ. ಜೂನ್, ಜುಲೈಯಲ್ಲಿ ಇಲ್ಲಿ ಪಡುವಣ ಗಾಳಿ ಸಂಜೆತನಕ ಬಿಡುವು ಕೊಡದೆ ಬೀಸುತ್ತದೆ. ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿ ಎಸೆದರೆ ಗಾಳಿ ಬೆನ್ನಿಗೆ, ಬೆನ್ನು ಮಾಡಿ ಎಸೆದರೆ ಗಾಳಿ ಎದುರಿಗೆ. ಎದುರುಗಾಳಿಯಲ್ಲಿ ತಟ್ಟೆಗೆ ತಾನು ಇನ್ನೂ ಜೋರಾಗಿ ಹೋಗುತ್ತಿದ್ದೇನೆಂಬ ಭಾವ. ಲೆಪರ್ಡ್ ಬಲಕ್ಕೆ ಹೊರಳಿ ಹೊರಳಿ ನೆಲದ ಮೇಲೆ ಚಕ್ರದಂತೆ ಉರುಳಿಹೋಗುತ್ತದೆ. ಅಲ್ಲಿ ಫೈರ್‌ಬರ್ಡೇ ಬೇಕು, ಅದರ ಎಡದ ಹಟವೂ ಗಾಳಿಯ ಬಲದ ಹಟವೂ ಒಂದಕ್ಕೊಂದು ಸರಿಹೋಗುತ್ತವೆ. ಗಾಳಿ ಬೆನ್ನಿಗಿದ್ದರೆ ಉಲ್ಟಾ: ಲೆಪರ್ಡ್ ನೆಟ್ಟಗಾಗುತ್ತದೆ, ಫೈರ್‌ಬರ್ಡ್ ಬೇಗ ಎಡಕ್ಕೆ ಕುಸಿಯುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಗಾಳಿ ಅಷ್ಟರಮಟ್ಟಿಗೆ ತೆಳು, ಟರ್ನ್ ಅಂಕಿ ಇಲ್ಲಿ ಒಂದಿಷ್ಟು ಕಡಿಮೆಯೇ ಕಾಣುತ್ತದೆ. ಸಾಂತಾಕ್ರೂಸ್‌ನ ಕಡಲತಡಿಯಲ್ಲಿ ಬಲಕ್ಕೆ ಬಳುಕಿದ ತಟ್ಟೆ ನಮ್ಮ ಬಯಲಿನಲ್ಲಿ ತುಸು ನೆಟ್ಟಗೆ ಹೋಯಿತೆಂದು ಹುಡುಗನೂ ಗಮನಿಸಿದ್ದಾನೆ.

ಚಕ್ರ ಎಂದಾಗ ಸೋಮನಾಥಪುರ ನೆನಪಾಯಿತು. 1258ರ ಆ ಕೇಶವ ದೇವಾಲಯದಲ್ಲಿ ವಿಷ್ಣುವಿನ ಮೂರ್ತಿಗಳನ್ನು ನೋಡುತ್ತ ನಿಂತಾಗ ನನ್ನ ಕಣ್ಣು ಹೋಗುವುದು ಚಕ್ರ ಹಿಡಿದ ಬೆರಳುಗಳ ಕಡೆಗೇ. ಗದೆಯನ್ನು ಮುಷ್ಟಿ ಕಟ್ಟಿ ಹಿಡಿಯಬಹುದು, ಚಕ್ರ ಮಾತ್ರ ಬೆರಳ ತುದಿಯದ್ದು. ನಡು ಟೊಳ್ಳಾದ ಬಳೆ ಗಾಳಿಯಲ್ಲಿ ತಟ್ಟೆಗಿಂತಲೂ ನಿಷ್ಠೆಯಿಂದ ಹೋಗುತ್ತದೆ. ಏರೋಬೀ ಎಂಬ ಉಂಗುರವನ್ನು 2003ರಲ್ಲಿ ಒಬ್ಬರು 406 ಮೀಟರ್ ಎಸೆದಿದ್ದಾರೆ, ತಟ್ಟೆಯ ದಾಖಲೆ 2016ರ 338 ಮೀಟರ್. ಡಿಸ್ಕ್ ಗಾಲ್ಫಿನಲ್ಲಿ ಮಾತ್ರ ತೂತಿರುವ ತಟ್ಟೆಗೆ ಅನುಮತಿ ಇಲ್ಲ. ಇದು ಒಳ್ಳೆಯ ನಿಯಮ ಎಂದೇ ನನ್ನ ಮತ. ಬಾಣದಂತೆ ನೆಟ್ಟಗೆ ಹೋಗುವುದಾದರೆ ಆರಿಸುವ ಸುಖ ಎಲ್ಲಿ?

ಲಿಂಗಾಂಬುಧಿ ಕೆರೆ ಇಲ್ಲೇ ಪಕ್ಕದಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ್ದು, ಈಗ ಹಕ್ಕಿಗಳ ಬೀಡು. ಅಲ್ಲಿ ತಟ್ಟೆ ಎಸೆಯಲೇಬಾರದು. ನೀರಿಗೆ ಬಿದ್ದದ್ದು ಬಹುಪಾಲು ಮುಳುಗುತ್ತದೆ, ಪ್ಲಾಸ್ಟಿಕ್ ಎಂದೆಂದಿಗೂ ಕೆರೆಯಲ್ಲೇ. ಡ್ರ್ಯಾಗನ್ ಎಂಬ ಹೆಸರಿನದ್ದು ತೇಲುತ್ತದಂತೆ ಎಂದು ಹುಡುಗರು ಆಸೆ ತೋರಿಸುತ್ತಾರೆ. ತೇಲುವುದು ನಿಜ, ಆದರೆ ಹಕ್ಕಿ ಬೆದರುವುದೂ ನಿಜ. ಹೊಂಗೆಮರದ ವಿಚಾರದಲ್ಲೂ ನನ್ನದು ಇದೇ ಕಟ್ಟುನಿಟ್ಟು: ಡ್ರೈವರಿನ ಮೊನಚು ತೊಗಟೆ ಸೀಳುತ್ತದೆ, ಅದಕ್ಕೆ ಮರಕ್ಕೆ ಎಸೆಯುವುದು ಮೊಂಡು ಅಂಚಿನ ಪಟರ್ ಮಾತ್ರ, ದೂರದ ಎಸೆತವೆಲ್ಲ ಬಯಲಿನ ನಡುವಿಗೆ.

ದಸರೆಗೆ ಬರುತ್ತಿದ್ದೇನೆ, ಏನು ತರಲಿ ಎಂದು ಅಣ್ಣನ ಮಗ ಕೇಳಿದ್ದಾನೆ. ಡ್ರೈವರ್ ಸಾಕಷ್ಟಿವೆ. ಹುಡುಗಿಯರ ಕೈಗೆ 150 ಗ್ರಾಮಿನ ಎರಡು ಲೆಪರ್ಡ್, ಡಿಎಕ್ಸ್ ಪ್ಲಾಸ್ಟಿಕ್ಕಿನವು. ನನಗೆ ಏಣಿಲ್ಲದ ಏವಿಯಾರ್ ಒಂದು. ಬಣ್ಣ ಕಿತ್ತಳೆಯೋ ಗುಲಾಬಿಯೋ ಯಾವುದಾದರೂ ಆದೀತು, ಹಸಿರು ಮಾತ್ರ ಬೇಡ. ಮಳೆ ಬಿದ್ದ ಮೇಲೆ ನಮ್ಮ ಬಯಲಿನ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ.