ರಾಮನಾಥಪುರದ ಮೀನುಗಳೂ ನಮ್ಮ ಮನೆಯ ಪಂಜರವೂ

ನಮ್ಮ ಮನೆಯಲ್ಲಿ ಪ್ರಾಣಿಪ್ರೀತಿ ತುಸು ಅತಿಯೆಂದೇ ಹೇಳಬೇಕು. ಹಸು, ನಾಯಿಗಳಲ್ಲದೆ ಹಿತ್ತಿಲಲ್ಲಿ ಒಂದು ಜೊತೆ ಬಾತುಕೋಳಿ, ಮೂರು ಮೊಲ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಪಡಸಾಲೆಯ ತೊಲೆಗೆ ತೂಗುಹಾಕಿದ ಪಂಜರದಲ್ಲಿ ಒಂದು ಗಿಳಿ. ಬಂದವರನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಉಪಚರಿಸುವುದರಲ್ಲಿ ಆ ಗಿಳಿ ಮನೆಯವರಿಗಿಂತ ಮುಂದು. ಇಷ್ಟಿದ್ದರೂ ಮೊಮ್ಮಗಳಿಗೆ ಸಾಲದು. ನಾವು ರಾಮನಾಥಪುರಕ್ಕೆ ಹೊರಟ ದಿನ ಅವಳು ತನ್ನ ಚೀಲದಲ್ಲಿ ಮುಚ್ಚಳವಿರುವ ಡಬ್ಬಿಯೊಂದನ್ನು ಅಡಗಿಸಿಟ್ಟದ್ದು ನಮಗೆ ತಿಳಿಯಲಿಲ್ಲ.

ಹಾಸನದಿಂದ ಅರಕಲಗೂಡು ದಾಟಿ ದಕ್ಷಿಣಕ್ಕೆ ಸಾಗಿದರೆ ಕಾವೇರಿಯ ದಡದಲ್ಲಿ ಈ ಕ್ಷೇತ್ರ. ರಾವಣವಧೆಯ ನಂತರ ಶ್ರೀರಾಮನು ಇಲ್ಲಿ ಲಿಂಗವನ್ನು ಸ್ಥಾಪಿಸಿದನೆಂದು ಸ್ಥಳಪುರಾಣ. ಸುಬ್ರಹ್ಮಣ್ಯ ಷಷ್ಠಿಯ ರಥೋತ್ಸವಕ್ಕೆ ಸುತ್ತಲ ಊರುಗಳೆಲ್ಲ ಇಲ್ಲಿ ಸೇರುತ್ತವೆ. ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ವಹ್ನಿಪುಷ್ಕರಿಣಿಯೆಂದು ಕರೆಯುವ ನದಿಯ ಮಡು.

ಸೋಪಾನದಲ್ಲಿ ಕುಳಿತು ಒಂದು ಹಿಡಿ ಪುರಿ ಎರಚಿದೆವು. ನೀರು ಒಮ್ಮೆಲೇ ಕುದಿದಂತಾಯಿತು. ಮೊಳದುದ್ದದ ಮಹಷೀರ್ ಮೀನುಗಳು ಒಂದರ ಮೇಲೊಂದು ಏರಿ ಬಾಯ್ದೆರೆದವು. ದಪ್ಪ ತುಟಿ, ಬಾಯಿಯ ಬದಿಗೆ ಎರಡು ಜೊತೆ ಮೀಸೆ, ಬಿಸಿಲಿಗೆ ಹೊಳೆವ ದೊಡ್ಡ ಹುರುಪೆಗಳು! ಇವಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗಿದೆ ಎಂದಾಗ ಮಗು ತನ್ನ ಗಂಟಲನ್ನೇ ಮುಟ್ಟಿ ನೋಡಿಕೊಂಡಿತು. ಇಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಬೇಲಿಯಿಲ್ಲ, ಬೀಗವಿಲ್ಲ, ಆದರೂ ಇವು ಇಡೀ ಊರು ಸಾಕಿದ ಮೀನುಗಳು.

ಊರಿನ ಅಭಯ ದೊಡ್ಡದು. ಆದರೆ ಅದು ಎಲ್ಲ ಕಾಲಕ್ಕೂ ಸಾಕಾಗದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿಯೂ ಇಂತಹ ದೇವರ ಮೀನುಗಳಿವೆ. 1996ರಲ್ಲಿ ಯಾರೋ ಹೊಳೆಗೆ ವಿಷವಿಕ್ಕಿದ್ದರಿಂದ ಸಾವಿರಾರು ಮೀನುಗಳು ಸತ್ತವು. ಅವುಗಳಿಗಾಗಿ ಅಲ್ಲಿ ಸ್ಮಾರಕವಿದೆ. ನಮ್ಮ ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ ಮಹಷೀರಿನ ಕಥೆಯಂತೂ ಇನ್ನೂ ನೋವಿನದು. 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಷೀರೊಂದು ಸುಮಾರು 54 ಕಿಲೋ ತೂಗಿತ್ತು. 2018ರಲ್ಲಿ ಗೂನುಬೆನ್ನಿನ ಜಾತಿಯನ್ನು ಅಳಿವಿನ ತೀರಾ ಅಂಚಿಗೆ ಬಂದುದೆಂದು ಕೆಂಪು ಪಟ್ಟಿಗೆ ಸೇರಿಸಿದರು. ಮೊಟ್ಟೆಯಿಡಲು ಮಹಷೀರ್ ಹರಿವಿಗೆದುರಾಗಿ ಮೇಲಕ್ಕೆ ಈಜಬೇಕು, ತಿಳಿನೀರಿನ ಉರುಟು ಕಲ್ಲಿನ ತಳ ಬೇಕು. ಅಣೆಕಟ್ಟು ದಾರಿ ಮುಚ್ಚುತ್ತದೆ, ಮರಳು ಬಗೆದವರು ತಳವನ್ನೇ ಕಲಕುತ್ತಾರೆ. ಭಕ್ತಿಯಿಂದ ಪುರಿ ಹಾಕುವ ನಾವು ಪ್ಲಾಸ್ಟಿಕ್ ಚೀಲವನ್ನೂ ಅಲ್ಲಿಯೇ ಬಿಟ್ಟು ಬರುತ್ತೇವೆ!

ಅಷ್ಟರಲ್ಲಿ ಮೊಮ್ಮಗಳು ಡಬ್ಬಿ ಹೊರತೆಗೆದಳು. “ಅಜ್ಜಾ, ಒಂದೇ ಒಂದು ಮರಿ.”

“ಇದು ಹರಿಯುವ ನೀರಿನದು ಪುಟ್ಟಾ, ತೊಟ್ಟಿಯಲ್ಲಿ ಉಸಿರುಕಟ್ಟುತ್ತದೆ. ಬಿಟ್ಟಲ್ಲೇ ಚಂದ.”

ಅವಳು ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. “ಹಾಗಾದ್ರೆ ನಮ್ಮ ಗಿಳಿ?”

ನಮ್ಮಲ್ಲಿ ಉತ್ತರವಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದು ಅಪರಾಧವೆಂದು ನಾವು ಓದಿದ್ದೆವು. ಓದಿಯೂ ‘ಮನೆಮಗುವಿನಂತೆ ನೋಡಿಕೊಂಡಿದ್ದೇವಲ್ಲ’ ಎಂದು ಸಮಾಧಾನಪಟ್ಟಿದ್ದೆವು. ಹಿಂದಿರುಗುವ ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಮರುವಾರ ಅರಣ್ಯ ಇಲಾಖೆಯವರನ್ನು ಕಂಡು ಗಿಳಿಯನ್ನು ಒಪ್ಪಿಸಿದೆವು. ವರ್ಷಗಟ್ಟಲೆ ಕೈತುತ್ತು ತಿಂದ ಹಕ್ಕಿಯನ್ನು ಸುಮ್ಮನೆ ಹಾರಬಿಟ್ಟರೆ ಅದು ಬದುಕುವುದು ಕಷ್ಟ. ಮನೆಯಾಕೆ ಕಣ್ಣೊರೆಸಿಕೊಂಡರು. ಗಿಳಿಯೋ, ಹೊರಡುವಾಗಲೂ ಬಾಗಿಲಲ್ಲಿ ನಿಂತವರಿಗೆಲ್ಲ “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಲೇ ಇತ್ತು.